ಅತ್ತೆಯ ತಂಬಿಗೆ, ನನ್ನ ಆಲಿವ್

ಜಮಖಂಡಿಯ ನಮ್ಮ ಮನೆಯಂಗಳದಲ್ಲಿ ಸುಮ್ಮನೆ ನಿಲ್ಲುವ ಹಕ್ಕು ಯಾವ ಗಿಡಕ್ಕೂ ಇರಲಿಲ್ಲ. ದಾಸವಾಳ ದೇವರಿಗೆ, ಕರಿಬೇವು ಒಗ್ಗರಣೆಗೆ, ನಿಂಬೆ ಉಪ್ಪಿನಕಾಯಿಗೆ. ಅದೆಲ್ಲ ಅತ್ತೆಯ ಆಡಳಿತ. ನಾನು ಕಾಲೇಜಿಗೆ ಪಾಠ ಮಾಡಲು ಹೋಗಿ ಬರುವವಳು. ಅಂಗಳದಲ್ಲಿ ನನ್ನದು ಅಂತ ಇದ್ದದ್ದು ಒಂದು ಸ್ಕೂಟಿ ಮಾತ್ರ.

ಹೀಗಿರುವಾಗ ಮುಧೋಳದ ಒಂದು ನರ್ಸರಿಯಲ್ಲಿ ಆ ಆಲಿವ್ ಗಿಡ ಕಣ್ಣಿಗೆ ಬಿತ್ತು. ಸಣ್ಣ ಸಣ್ಣ ಎಲೆ, ಮೇಲೆ ಬೂದು ಹಸಿರು, ಗಾಳಿಗೆ ಮಗುಚಿದರೆ ಬೆಳ್ಳಿ. ಎತ್ತ ನೋಡಿದರೂ ಕಬ್ಬಿನ ಹಸಿರೇ ಕಾಣುವ ನಮ್ಮ ಕಡೆ ಈ ಬಣ್ಣ ನನಗೆ ಹುಚ್ಚು ಹಿಡಿಸಿತು. ನರ್ಸರಿಯವನು ಪ್ರಾಮಾಣಿಕ. "ನಮ್ಮ ಬಿಸಲಿಗೆ ತಡೀತದ್ರಿ ಮೇಡಂ. ಆದ್ರ ಕಾಯಿ ಆಸೆ ಇಟ್ಕೋಬ್ಯಾಡ್ರಿ. ನೀರ ಮಾತ್ರ ಕೈ ಬಿಗಿ ಹಿಡದ ಹಾಕ್ರಿ" ಎಂದ. ಕಾಯಿ ಯಾರಿಗೆ ಬೇಕು! ಗಿಡವನ್ನು ಅವುಚಿಕೊಂಡು ಬಸ್ ಹತ್ತಿದೆ.

ಕಂಡಕ್ಟರ್ ಅದನ್ನು ಓರೆಯಾಗಿ ನೋಡಿದ. "ಹೆಣ್ಣ ಗಿಡ ಏನ್ರಿ ಅಕ್ಕಾರ? ಹೆಣ್ಣಾದ್ರ ಫ್ರೀ." ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ.

ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಅತ್ತೆ ವಿಚಾರಣೆ ಶುರು ಮಾಡಿದರು.

"ಇದರ ಹೂವ ದೇವರಿಗೆ ಏರ್ತಾವೇನು?"

"ಇಲ್ಲರಿ ಅತ್ತೀ."

"ಕಾಯಿ ಪಲ್ಯಾಕ ಬರ್ತಾವೇನು?"

"ಕಾಯೇ ಬಿಡಂಗಿಲ್ಲಂತರಿ."

"ಹಂಗಾದ್ರ ಯಾಕ ತಂದಿ?"

"ನನಗ ಛಲೋ ಕಂಡತ್ರಿ, ಅದಕ್ಕ."

ಅಂಥ ಕಾರಣವನ್ನು ಆ ಮನೆಯಲ್ಲಿ ಹಿಂದೆ ಯಾರೂ ಕೊಟ್ಟಿರಲಿಲ್ಲವೇನೋ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ತೀರ್ಪು ಕೊಟ್ಟರು. "ಯುಗಾದಿ ತನಕಾ ನೋಡೂಣು. ಚಿಗತ್ರ ಇರಲಿ. ಇಲ್ಲಾಂದ್ರ ಅದರ ಜಾಗಾದಾಗ ನುಗ್ಗಿ ಹಚ್ಚೂದ."

ಅಂದಿನಿಂದ ಆ ಗಿಡ ಬದುಕಲೇಬೇಕು ಎಂದು ನನಗೆ ಹಟ ಹತ್ತಿತು. ಅದು ಸತ್ತರೆ 'ನನಗೆ ಚೆನ್ನಾಗಿ ಕಂಡಿತು' ಎಂಬ ಮಾತನ್ನು ಆ ಮನೆಯಲ್ಲಿ ನಾನು ಮತ್ತೆ ಎತ್ತುವ ಹಾಗಿರಲಿಲ್ಲ.

ಅಂಗಳದ ಮೂಲೆಯಲ್ಲಿ ನೆಟ್ಟ ಸ್ವಲ್ಪ ದಿನದಲ್ಲೇ ಎಲೆಗಳು ಹಳದಿಯಾಗಿ ಉದುರತೊಡಗಿದವು. ನಾನು ನೀರು ಹಾಕದಿದ್ದರೂ ಬುಡ ಯಾವಾಗಲೂ ಹಸಿ. ಕದ್ದು ನೋಡಿದರೆ, ಅತ್ತೆಯ ಕೆಲಸ: ತುಳಸಿಗೆ ಹಾಕಿ ಉಳಿದ ತಂಬಿಗೆ ನೀರು ಆಲಿವ್‌ಗೆ, ಅಕ್ಕಿ ತೊಳೆದದ್ದೂ ಅದಕ್ಕೇ. ಸೇಡಿಗಲ್ಲ, ಕರುಣೆಗೆ! ಅತ್ತೆಯ ತವರು ಚಿಕ್ಕಪಡಸಲಗಿ, ರೈತರೇ ಕೂಡಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಊರು. ತವರಿನವರೆಲ್ಲ ಅಲ್ಲಿ ಬುಟ್ಟಿ ಹೊತ್ತವರು. ಹಾಗೆ ದುಡಿದು ನಿಲ್ಲಿಸಿದ ನೀರನ್ನು ಒಂದು ಗಿಡಕ್ಕೆ ಇಲ್ಲ ಎನ್ನುವುದು ಅವರಿಗೆ ಬಾಗಿಲಿಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದಂತೆ.

"ನೋಡಲ್ಲೆ, ಪಾಪ, ನೀರಡಸೈತಿ" ಎನ್ನುತ್ತಿದ್ದರು.

"ನೀರಡಸಿಲ್ಲರಿ, ಮುಳಗಾಕತ್ತೈತಿ!" ಎಂದು ನಾನು ಕೂಗುತ್ತಿದ್ದೆ. ಎಲೆ ಹಳದಿಯಾದಷ್ಟೂ ತಂಬಿಗೆ ದೊಡ್ಡದಾಗುತ್ತ ಹೋಯಿತು.

ಒಂದು ಭಾನುವಾರ ನನ್ನ ತಾಳ್ಮೆ ಕೆಟ್ಟಿತು. ಸೆರಗು ಸಿಕ್ಕಿಸಿ, ಗುದ್ದಲಿ ಹಿಡಿದು ಬುಡವನ್ನೇ ಅಗೆದೆ. ಕರಿಮಣ್ಣಿನ ಕುಣಿಯಲ್ಲಿ ನೀರು ನಿಂತು ನಾರುತ್ತಿತ್ತು. ಬೈಯಲು ಎದ್ದು ಬಂದ ಅತ್ತೆ ಅರ್ಧಕ್ಕೇ ನಿಂತರು. ಬಗ್ಗಿ ಒಂದು ಹಿಡಿ ಕೆಸರು ಎತ್ತಿ ಮೂಸಿದರು. ಅವರ ಮುಖ ಬಾಡಿತು.

"ಯವ್ವಾ, ಇದು ಜವಳಿನ ವಾಸನಿ."

ನೀರು ಹೆಚ್ಚಾಗಿ ಕೆಟ್ಟ ಹೊಲಕ್ಕೆ ನಮ್ಮಲ್ಲಿ ಜವಳು ಎನ್ನುತ್ತಾರೆ. ಅವರ ಅಣ್ಣನ ಕಬ್ಬಿನ ಹೊಲ ಹಾಗೇ ಹೋಗಿತ್ತು. ಆ ವಾಸನೆಯನ್ನು ಅವರಿಗೆ ನಾನು ಕಲಿಸಬೇಕಿರಲಿಲ್ಲ. ಕೈಯಲ್ಲಿದ್ದ ಕೆಸರನ್ನು ಮೆಲ್ಲಗೆ ಕೆಳಗಿಟ್ಟು, "ನಾನ ಕೊಂದ್ನೇನು?" ಎಂದರು. ಅಷ್ಟು ದಿನದ ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

"ಇನ್ನೂ ಜೀವ ಐತ್ರಿ" ಎಂದೆ.

ಕೊಳೆತ ಬೇರು ನಾನು ಕತ್ತರಿಸಿದೆ. ಕಲ್ಲುಕಲ್ಲಾದ ಗರಸು ಮಣ್ಣು ತರಿಸಿ, ಏರು ದಿಬ್ಬ ಮಾಡಿ, ಗಿಡವನ್ನು ಮತ್ತೆ ನೆಟ್ಟೆವು. ಅತ್ತೆ ತಂಬಿಗೆಯನ್ನು ಒಳಗಿಟ್ಟರು. ಆದರೂ ದಿನಾ ಹೋಗಿ ಬುಡ ಮುಟ್ಟಿ ನೋಡಿ, ಕೈ ಹಿಸುಕಿಕೊಂಡು ವಾಪಸು ಬರುತ್ತಿದ್ದರು.

ಯುಗಾದಿ ಇನ್ನೇನು ಬಂತು ಎನ್ನುವಾಗ, ಬೋಳು ಕೊಂಬೆಯ ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಿ ಕಂಡಿತು. ಮರುದಿನ ಇನ್ನೊಂದು ಕಡೆ, ಆಮೇಲೆ ಮೈತುಂಬ. ಗೆದ್ದೆ! ಪಾಠ ಹೇಳುವವಳು ಎಂಬ ಘನತೆ ಮರೆತು ಅಂಗಳದಲ್ಲೇ ಕುಣಿದೆ. ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡು ಬಂದು ನೋಡಿ, "ಚಿಗತೈತಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಹಬ್ಬಕ್ಕೆ ಅವರ ತಂಗಿ ಬಂದರು. ಅಂಗಳದಲ್ಲಿ ಕೈಕಾಲು ತೊಳೆದು, ಉಳಿದ ನೀರನ್ನು ಆಲಿವ್ ಬುಡಕ್ಕೆ ಬಗ್ಗಿಸಲು ಹೋದರು.

"ಏ, ನಿಲ್ಲಬೇ!" ಕಟ್ಟೆಯಿಂದ ಅತ್ತೆಯ ಗುಡುಗು. "ಅದಕ್ಕ ನೀರ ಹಾಕಬ್ಯಾಡ!"

"ಇದೆಂಥಾ ಗಿಡ ಯಕ್ಕಾ? ಏನ ಉಪಯೋಗ ಇದರದು?"

"ಉಪಯೋಗ ಏನೂ ಇಲ್ಲ" ಎಂದರು ಅತ್ತೆ. "ನಮ್ಮ ಸೊಸಿಗೆ ಛಲೋ ಕಂಡೈತಿ."

ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ. ಹಂಚಿನ ಮೇಲಿನದು ಹೊತ್ತಿಹೋಯಿತು. ಅದನ್ನು ಒಲೆಯ ಮುಂದೆ ನಿಂತೇ, ತುಪ್ಪ ಹಚ್ಚಿಕೊಂಡು, ನಾನೇ ತಿಂದೆ.