ಬಿಸಿಲು ತರಿಸಿದ ಜೋಡಿ ಸೀನು

ಫ್ರೆಂಡ್ಸ್, ಇವತ್ತು ನನ್ನನ್ನು ತವರಿಗೆ ಕಳಿಸಿದ್ದು ಸೈನ್ಸ್!

ಮದುವೆಯಾದ ಮೇಲೆ ಮೊದಲ ಸಲ ಚಳ್ಳಕೆರೆಗೆ, ಅಮ್ಮನ ಮನೆಗೆ ಹೊರಟಿದ್ದೆ. ಮೊಳಕಾಲ್ಮೂರಿನ ನಮ್ಮ ಕತ್ತಲೆ ಮಗ್ಗದ ಕೋಣೆ ದಾಟಿ ಗಂಡನ ಜೊತೆ ಅಂಗಳಕ್ಕೆ ಕಾಲಿಟ್ಟೆ. ಬಿಸಿಲು ಕಣ್ಣಿಗೆ ಬಿತ್ತು. ಆಕ್ಷೀ!

"ಒಂಟಿ ಸೀನು! ಕುಂತ್ಕೋ ಅಮ್ಮಾ, ಇವತ್ತು ಹೋಗೋದು ಬ್ಯಾಡ," ಎಂದರು ಅತ್ತೆ. ನನಗೆ ಅಳುವೇ ಬಂತು.

"ಇದು ಶಕುನ ಅಲ್ಲ ಅತ್ತೆ, ಬಿಸಿಲು! ಕತ್ತಲಿಂದ ಬೆಳಕಿಗೆ ಬಂದ್ರೆ ಕೆಲವರಿಗೆ ಸೀನು ಬರ್ತೈತೆ. ನಮ್ಮಪ್ಪನಿಗೂ ಐತೆ, ಅವರಿಂದಲೇ ನನಗೆ ಬಂದಿರೋದು."

ಭಾವನ ಪುಟ್ಟ ಮಗಳು ಚಿನ್ನಿ ಕಣ್ಣರಳಿಸಿದಳು. "ಹಂಗಾದ್ರೆ ಇನ್ನೊಂದ್ಸಲ ಬರ್ಸು ಚಿಗವ್ವ, ನೋಡಾನ!"

ಒಳಗೆ ಹೋದೆ. ಕತ್ತಲಿಗೆ ಕಣ್ಣು ಒಗ್ಗುವವರೆಗೆ ಮಗ್ಗದ ಪಕ್ಕ ನಿಂತು ಮತ್ತೆ ಅಂಗಳಕ್ಕೆ ಬಂದೆ. ಆಕ್ಷೀ! ಚಿನ್ನಿ ಕುಣಿದಾಡಿಬಿಟ್ಟಳು.

ಅತ್ತೆಯ ಮುಖವೂ ಅರಳಿತು. "ಈಗ ಜೋಡಿ ಆತು, ಒಳ್ಳೇದಾತು. ಹೋಗ್ಬರ್ರಿ!"

ನನ್ನ ಪ್ರಯೋಗವೂ ಗೆದ್ದಿತು, ಅವರ ಶಕುನವೂ ಗೆದ್ದಿತು, ಬಸ್ಸೂ ಸಿಕ್ಕಿತು! ಗಂಡ ಮಾತ್ರ ನನ್ನನ್ನು ನೆರಳಿನ ಕಡೆಯ ಸೀಟಿನಲ್ಲೇ ಕೂರಿಸಿದ್ದಾರೆ. ಮೂರನೇ ಸೀನಿಗೆ ಏನರ್ಥ ಎಂದು ಅವರಮ್ಮನನ್ನು ಕೇಳುವ ಧೈರ್ಯ ಅವರಿಗಿಲ್ಲವಂತೆ.