ಕೌದಿ ಹೊದ್ದ ಛತ್ರಿ

ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷ. ಆ ದಿನ ಶಾಲೆಯ ಗೋಡೆ ಗಡಿಯಾರ ಸರಿಯಾಗಿ ನಡೆಯುತ್ತಿತ್ತು. ಬೆಳಿಗ್ಗೆ ರೇಡಿಯೋ ಕೇಳಿ ನಾನೇ ಮುಳ್ಳು ಹೊಂದಿಸಿದ್ದೆ. ಹಾಗಾಗಿ ಹೊತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದದ್ದು ಮಾತ್ರ ನೆನಪಿನಲ್ಲಿ ಹಿಂದುಮುಂದಾಗುತ್ತದೆ...

ಹೋದ ವಾರ ಎದುರುಮನೆಯವರು ಕಾಂಪೌಂಡಿನ ಮೇಲೆ ಒಗೆದ ಕೌದಿ ಹರವಿದ್ದರು. ಹಳೆಯ ಸೀರೆ, ಧೋತರ, ಕುಬಸದ ತುಂಡುಗಳನ್ನೆಲ್ಲ ಕೂಡಿಸಿ ಹೊಲಿದ ದಪ್ಪ ಕೌದಿ. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒದ್ದೆ ಬಟ್ಟೆಯ ಮೇಲೆ ಬಿಸಿಲು ಬಿದ್ದಾಗ ಏಳುವ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ. ಕಣ್ಣು ಗಡಿಯಾರ ಹುಡುಕುತ್ತಿತ್ತು. "ಯಾಕ್ರಿ, ಏನಾತು?" ಎಂದಳು ಹೆಂಡತಿ. ಏನೂ ಇಲ್ಲವೆಂದು ಮತ್ತೆ ಕೂತೆ. ಆದರೆ ಅಂದಿನಿಂದ ನಮ್ಮ ಅಕ್ಕೋರು ಕಣ್ಣ ಮುಂದಿನಿಂದ ಸರಿದಿಲ್ಲ.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುವುದು ರೂಢಿ. ಎಪ್ಪತ್ತರ ದಶಕ ಮುಗಿಯುತ್ತ ಬಂದ ಹೊತ್ತು. ಆಳಂದದವನಾದ ನಾನು ಬಿ.ಎಸ್ಸಿ. ಮುಗಿಸಿ, ಅಫಜಲಪುರ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ತಾತ್ಕಾಲಿಕ ಶಿಕ್ಷಕನಾಗಿ ಸೇರಿದ್ದೆ. ಅಕ್ಕೋರು ಸರಸಂಬಾದ ಕಡೆಯವರು. ಓದಿದ್ದು ಏಳನೆಯ ತರಗತಿ, ಮೇಲೆ ಶಿಕ್ಷಕರ ತರಬೇತಿ, ಅಷ್ಟೇ. ನನಗಿಂತ ಹದಿನೈದು ವರ್ಷ ದೊಡ್ಡವರು. ಗಟ್ಟಿ ದನಿ, ಚುರುಕು ನಡಿಗೆ, ಸೆರಗಿನ ತುದಿಯಲ್ಲಿ ಯಾವಾಗಲೂ ಸುಣ್ಣದಕಡ್ಡಿಯ ಪುಡಿ. "ಸರ್, ನೀವು ಪುಸ್ತಕದಾಗಿಂದು ಹೇಳ್ರಿ, ನಾ ಅಂಗಳದಾಗಿಂದು ಹೇಳ್ತೇನಿ. ಹುಡುಗರು ಎರಡೂ ಕೂಡಿಸಿಕೋತಾವ" ಎಂದು ಮೊದಲ ದಿನವೇ ಕೆಲಸ ಹಂಚಿಬಿಟ್ಟಿದ್ದರು.

ಆ ಶಾಲೆಯ ಹಿತ್ತಲಲ್ಲಿ ಒಂದು ವಿಚಿತ್ರ ವಸ್ತುವಿತ್ತು. ನಾನು ಸೇರುವ ಮೊದಲು ಸರಕಾರದವರು ಊರಿಗೆ ಒಂದು ಟಿವಿ ಕೊಟ್ಟಿದ್ದರಂತೆ. ಆಕಾಶದ ಉಪಗ್ರಹದಿಂದ ನೇರವಾಗಿ ಚಿತ್ರ ಬರಬೇಕೆಂದು ಶಾಲೆಯ ಹಿಂದೆ ಕಟ್ಟೆ ಕಟ್ಟಿ, ಕೋಳಿಗೂಡಿಗೆ ಬಳಸುವ ತಂತಿ ಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ದೊಡ್ಡ ಬೋಗುಣಿಯೊಂದನ್ನು ಪಡುವಣ ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದರು. ಊರವರು ಅದನ್ನು ಛತ್ರಿ ಎನ್ನುತ್ತಿದ್ದರು. ಒಂದು ವರ್ಷ ಹುಡುಗರು ಬೆಳಿಗ್ಗೆ ಪಾಠ, ಊರವರು ಸಂಜೆ ಕಾರ್ಯಕ್ರಮ ನೋಡಿದರು. ಆಮೇಲೆ ಒಂದು ದಿನ ಚಿತ್ರ ನಿಂತಿತು. ಟಿವಿಯನ್ನು ಒಯ್ದರು. ಛತ್ರಿ ಮಾತ್ರ ಅಲ್ಲೇ ಉಳಿಯಿತು.

ಅಕ್ಕೋರು ಅದನ್ನು ಸುಮ್ಮನೆ ಬಿಡಲಿಲ್ಲ. "ಆಕಾಶದಾಗಿಂದ ಚಿತ್ರ ಬರೋದು ನಿಂತದ. ಬಿಸಿಲು ಬರೋದು ನಿಂತಿಲ್ಲಲ್ಲ" ಎಂದು ಹುಡುಗರಿಗೆ ಬೆಳ್ಳಿಕಾಗದ ತರಲು ಹೇಳಿದರು. ಸಿಗರೇಟು ಪ್ಯಾಕಿನದು, ಚಹಾಪುಡಿ ಪೊಟ್ಟಣದ್ದು, ಯಾರದೋ ಮದುವೆಯ ಹಂದರದ್ದು. ಜೋಳದ ಹಿಟ್ಟಿನ ಗಂಜಿ ಕುದಿಸಿ ಏಳನೆಯ ತರಗತಿಯ ಹುಡುಗ ಹುಡುಗಿಯರು ನಾಲ್ಕು ತಿಂಗಳು ಅಂಟಿಸಿದರಂತೆ. ಬೋಗುಣಿಯ ನಡುವಿನಿಂದ ಒಂದು ಕಬ್ಬಿಣದ ಸರಳು ಹೊರಚಾಚಿತ್ತು. ಅದರ ನೆರಳು ಎಲ್ಲಿ ಬೀಳುತ್ತದೆಂದು ದಿನವೂ ನೋಡಿ ಬರೆಯುವುದು ಅವರ ಅಭ್ಯಾಸ. "ನೆರಳು ಯಾವತ್ತು ಸರಳಿನ ಬುಡಕ್ಕ ಬಂದು ಅಡಗತದ, ಅವತ್ತು ಸೂರ್ಯ ಛತ್ರಿಗಿ ನೆಟ್ಟಗ ಬಂದಾನ ಅಂತ ತಿಳೀರಿ" ಎಂದಿದ್ದರು ಅಕ್ಕೋರು. ಊರವರು ನಕ್ಕರು. ದಸರೆಯ ಮುಂಚೆ ಒಂದು ಮಧ್ಯಾಹ್ನ ನೆರಳು ಬುಡಕ್ಕೆ ಬಂತು. ಬಿಸಿಲೆಲ್ಲ ಬಂದು ಕೂಡುವ ಸರಳಿನ ತುದಿಗೆ ಕಟ್ಟಿದ ಗಡಿಗೆಯಲ್ಲಿ ಹಸಿ ಶೇಂಗಾ ಕುದಿಯಿತು. ನಕ್ಕವರೂ ಬಂದು ತಿಂದರು.

ಅದಾದ ಮೇಲೆ ಅಕ್ಕೋರು ಮಕ್ಕಳ ತಾಯಂದಿರಿಂದ ದೊಡ್ಡದೊಂದು ಕೌದಿ ಹೊಲಿಸಿ, ಬಿಸಿಲು ತಾಗದಿರಲೆಂದು ಛತ್ರಿಗೆ ಹೊದಿಸಿದರು. ನಾನು ಸೇರಿದ್ದು ಆಮೇಲೆ. "ಸರ್, ಏನ್ ಬೇಕಾದ್ದು ಮಾಡ್ರಿ, ಈ ಕೌದಿ ಮಾತ್ರ ತಗೀಬ್ಯಾಡ್ರಿ" ಎಂದಿದ್ದರು. ನಾನು ನಕ್ಕೆ. ಚಳಿಗಾಲದ ಒಂದು ರಜಾದಿನ ಯಾರೂ ಇಲ್ಲದಾಗ ಕೌದಿ ಸರಿಸಿ, ಕೋಲಿಗೆ ಕಾಗದ ಕಟ್ಟಿ ಸರಳಿನ ತುದಿಗೆ ಹಿಡಿದು ಇಡೀ ಮಧ್ಯಾಹ್ನ ಪರೀಕ್ಷಿಸಿದೆ. ಕಾಗದ ಬೆಚ್ಚಗೂ ಆಗಲಿಲ್ಲ. ಸರಿ, ಇದು ಅಕ್ಕೋರ ದೊಡ್ಡಮಾತು ಎಂದು ತೀರ್ಮಾನಿಸಿದೆ. ಚಳಿಗಾಲದ ಸೂರ್ಯ ತೆಂಕಣಕ್ಕೆ ಸರಿದಿರುತ್ತಾನೆ, ಛತ್ರಿಯ ನೇರಕ್ಕೆ ಬರುವುದೇ ಇಲ್ಲ. ಮತ್ತೆ ಬೇಸಿಗೆಯ ಬಾಗಿಲಲ್ಲಿ ಬರುತ್ತಾನೆ. ಪದವಿಗಾಗಿ ಇದನ್ನೆಲ್ಲ ಓದಿ, ಬರೆದು, ಅಂಕ ತೆಗೆದುಕೊಂಡಿದ್ದೆ. ಆದರೂ ಹೊಳೆಯಲಿಲ್ಲ.

ಯುಗಾದಿ ಹತ್ತಿರ ಬಂತು. ಮನೆಮನೆಯಲ್ಲೂ ಗೋಡೆ ಸಾರಿಸುವುದು, ಹಾಸಿಗೆ ಹೊದಿಕೆ ಒಗೆಯುವುದು ನಡೆದಿತ್ತು. ಬೋರ್ಡಿನ ಮೂಲೆಯಲ್ಲಿ ಅಕ್ಕೋರು ದಿನಕ್ಕೊಂದು ಅಂಕಿ ಇಳಿಸುತ್ತ ಬರೆಯುತ್ತಿದ್ದರು. ಹಬ್ಬದ ರಜೆಗೆ ಉಳಿದ ದಿನ ಎಂದುಕೊಂಡು ನಾನು ಅದನ್ನು ಅಳಿಸದೆ ಬಿಡುತ್ತಿದ್ದೆ. ಅಂಕಿ ಮೂರು ಇದ್ದ ದಿನ ಬೆಳಿಗ್ಗೆ, ಶಾಲೆಯ ಕಸ ಗುಡಿಸುವ ಆಯಿ ನನ್ನ ಬಳಿ ಬಂದಳು. "ಸಾಹೇಬ್ರ, ಹಳ್ಳಕ್ಕ ಹೊಂಟೇನ್ರಿ. ಸಾಲಿ ಕೌದಿನೂ ಒಯ್ದು ಒಗದು ತರಲೇನ್ರಿ? ಧೂಳ ತಿಂದು ಹೊಲಸಾಗ್ಯಾದ."

"ಒಯ್ಯಿ ಆಯಿ, ಅದರಾಗ ಕೇಳೋದೇನದ" ಎಂದೆ. ತಲೆ ಎತ್ತಿ ಕೂಡ ನೋಡಲಿಲ್ಲ.

ಮೂರಕ್ಕೆ ಸ್ವಲ್ಪ ಮುಂಚೆ ಹಿತ್ತಲಿನ ನೀರಿನ ತೊಟ್ಟಿಗೆ ಒಂದು ಬಂಡಿ ಬಂತು. ಬಂಡಿ ಹೊಡೆಯುವವನನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಹೊಲದಿಂದ ಜೋಳದ ಕಣಿಕೆ, ಎಂದರೆ ಒಣಗಿದ ದಂಟು, ಹೇರಿಕೊಂಡು ಮನೆಗೆ ಹೋಗುವಾಗ ಎತ್ತುಗಳಿಗೆ ಅಲ್ಲಿ ನೀರು ಕುಡಿಸುತ್ತಿದ್ದ. ಕಣಿಕೆ ಎರಡಾಳು ಎತ್ತರ; ಅದರ ಮೇಲೆ ಅವನ ಐದು ವರ್ಷದ ಮಗಳು ಮಲಗಿ ನಿದ್ದೆಹೋಗಿದ್ದಳು. ಛತ್ರಿಯ ಬೆಳಕು ಕೂಡುವ ಜಾಗ ನಮ್ಮೆಲ್ಲರ ತಲೆಗಿಂತ ಮೇಲಿತ್ತು. ನೆಲದ ಮೇಲೆ ಓಡಾಡುವವರಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಹೇರಿದ ಬಂಡಿಯ ಮಾತು ಬೇರೆ... ಅದನ್ನು ಯಾರೂ ಎಣಿಸಿರಲಿಲ್ಲ.

ಮೂರು ಹನ್ನೆರಡಕ್ಕೆ ನಾನು ಆರನೆಯ ತರಗತಿಯ ಕಿಟಕಿಯಿಂದ ನೋಡಿದೆ. ಆಯಿ ಒಗೆದು ತಂದ ಕೌದಿ ಹೊರಗೆ ಬೇಲಿಯ ಮೇಲೆ ಒಣಗುತ್ತ ಒದ್ದೆ ವಾಸನೆ ಬೀರುತ್ತಿತ್ತು. ಕಣಿಕೆಯ ತುದಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಚಾಚಾ ಬೀಡಿ ಸೇದುತ್ತಿರಬೇಕು ಎಂದುಕೊಂಡೆ. ಚಾಚಾ ತೊಟ್ಟಿಯ ಬಳಿ ಮುಖ ತೊಳೆಯುತ್ತಿದ್ದ. ಕಣ್ಣು ಅದನ್ನೂ ಕಂಡಿತ್ತು. ಎರಡನ್ನೂ ಕೂಡಿಸಲು ತಲೆಗೆ ಸಮಯ ಬೇಕಾಯಿತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಅಕ್ಕೋರ ದನಿ: "ಛತ್ರಿ ಬಯಲಾಗ್ಯಾದ! ಎಲ್ಲಾರೂ ತಟ್ಟು ತಗೊಂಡು ಓಡ್ರಿ!"

ತಟ್ಟು ಎಂದರೆ ಹುಡುಗರು ಕೂರುವ ಗೋಣಿಚೀಲ. ಏಳನೆಯ ತರಗತಿಯ ಇಪ್ಪತ್ತೆರಡು ಮಕ್ಕಳು ಒಂದೂ ಪ್ರಶ್ನೆ ಕೇಳಲಿಲ್ಲ. ಬೆಂಕಿಯ ಕಡೆ ಒಬ್ಬರೂ ಓಡಲಿಲ್ಲ, ಎಲ್ಲರೂ ಛತ್ರಿಯ ಕಡೆ ಓಡಿದರು. ಆ ಬೆಳ್ಳಿಕಾಗದವನ್ನು ತಾವೇ ಅಂಟಿಸಿದ್ದವರು; ಬೆಂಕಿ ಎಲ್ಲಿಂದ ಬರುತ್ತಿದೆಯೆಂದು ಅವರಿಗೆ ಗೊತ್ತಿತ್ತು. "ಕೆಳಗಲ್ಲಲೇ, ನಡುಕ ಒಗಿ!" "ಏ, ನೀ ಸರಿ ಅತ್ತಾಗ!" ಎನ್ನುತ್ತ ಗೋಣಿಚೀಲಗಳನ್ನು ಬೋಗುಣಿಯೊಳಗೆ ಎಸೆದರು. ಅಷ್ಟರಲ್ಲಿ ಕಣಿಕೆ ಭುಗಿಲೆಂದಿತ್ತು. ಎತ್ತುಗಳು ಬೆದರಿ ಹಿಂದೆಮುಂದೆ ಜಗ್ಗುತ್ತಿದ್ದವು. ಚಾಚಾ ನೊಗದ ಹಗ್ಗ ಬಿಚ್ಚಲು ಹೆಣಗುತ್ತ "ಬೇಟೀ ಊಪರ್ ಹೈ! ಮಗಳು ಮ್ಯಾಲ ಅದಾಳ್ರೀ!" ಎಂದು ಚೀರುತ್ತಿದ್ದ.

ನಾನು ಬಾಗಿಲಿನವರೆಗೆ ಬಂದಿದ್ದೆ. ಅಲ್ಲಿಂದ ಮುಂದೆ ಕಾಲು ಏಳಲಿಲ್ಲ.

ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂಡಿಯ ಗಾಲಿ ಹತ್ತಿದರು. ಬಲಗೈಯನ್ನು ಉರಿಯುವ ಕಣಿಕೆಯೊಳಗೆ ತೂರಿಸಿ, ಹುಡುಗಿಯ ಲಂಗ ಹಿಡಿದು ಎಳೆದರು. ಇಬ್ಬರೂ ಕೆಳಗೆ ಬಿದ್ದರು. ಅದೇ ಗಳಿಗೆಗೆ ಹಗ್ಗ ಬಿಚ್ಚಿ ಎತ್ತುಗಳು ಓಡಿದವು. ಬಂಡಿ ಅಲ್ಲೇ ಉರಿದು ಬೂದಿಯಾಯಿತು. ಹುಡುಗಿಗೆ ಜಡೆಯ ತುದಿ ಸುಟ್ಟಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅಕ್ಕೋರ ಬಲಗೈ ಮೊಣಕೈವರೆಗೆ ಬೆಂದಿತ್ತು. ನೆಲದ ಮೇಲೆ ಕೂತೇ ಅವರು ಕೇಳಿದರು, "ಎಲ್ಲಾರೂ ಅದೀರಿಲ್ಲ? ಎಣಸ್ರಿ."

ಮರುದಿನ ಊರ ಹಿರಿಯರು, ಹೆಡ್ಮಾಸ್ತರರು ಶಾಲೆಯ ಪಡಸಾಲೆಯಲ್ಲಿ ಕೂಡಿದರು. ಕೌದಿ ಯಾರು ತೆಗೆದದ್ದು ಎಂಬ ಪ್ರಶ್ನೆ ಬಂತು. ಆಯಿಯನ್ನು ಕರೆಸಿ ನಡುವೆ ನಿಲ್ಲಿಸಿದ್ದರು. "ಯಾರನ್ನ ಕೇಳಿ ಒಯ್ದಿ?" ಎಂದರು ಹೆಡ್ಮಾಸ್ತರರು. ಅವಳು ಒಮ್ಮೆ ನನ್ನ ಕಡೆ ನೋಡಿದಳು. ನನ್ನ ನೌಕರಿ ತಾತ್ಕಾಲಿಕ ಎಂಬುದು ಊರಿಗೆಲ್ಲ ಗೊತ್ತಿತ್ತು. "ಯಾರಿಗೂ ಕೇಳಿಲ್ರಿ. ನಂದೇ ತಪ್ಪು" ಎಂದಳು. ನಾಳೆಯಿಂದ ಬರಬೇಡ ಎಂದರು. ನಾನು ಸುಮ್ಮನೆ ನಿಂತಿದ್ದೆ. ಆ ಬಾಗಿಲಲ್ಲಿ ಕಾಲು ಏಳದೆ ನಿಂತಿದ್ದಕ್ಕಿಂತ ಈ ನಿಲುವು ಕೆಟ್ಟದ್ದು.

ಅಂದಿನಿಂದ ನನಗೆ ನಿದ್ದೆ ಬಾರದಾಯಿತು. ಕಣ್ಣು ಮುಚ್ಚಿದರೆ ತೆಳ್ಳನೆಯ ಆ ಹೊಗೆ. ಈ ಸಲ ಬೇಗ ಕೂಗುತ್ತೇನೆ ಎಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಬೀಡಿಯೆಂದೇ ತಿಳಿಯುತ್ತಿದ್ದೆ...

ಮೂರು ವಾರದ ಮೇಲೆ ಒಂದು ಗುರುವಾರ ಅಕ್ಕೋರು ಕೈಗೆ ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದರು. ಮೊದಲ ದಿನವೇ ಚಾಚಾ ಮಗಳ ಕೈ ಹಿಡಿದುಕೊಂಡು ಬಾಗಿಲಿಗೆ ಬಂದ. ಬೈಯಲು ಬಂದನೆಂದು ಹೆದರಿದೆ. "ಅಕ್ಕೋರ, ಈಕಿ ಹೆಸರು ಹಚ್ಚಿಕೋರಿ. ಸಾಲಿ ಹೊರಗ ಇದ್ರ ಸುಡತಾಳ, ಒಳಗರೆ ಇರಲಿ" ಎಂದ. ಬೆಂಕಿಯ ದಿನದಿಂದ ಸಪ್ಪಗಿದ್ದ ಮಕ್ಕಳೆಲ್ಲ ಮೊದಲ ಸಲ ನಕ್ಕರು.

ಆಮೇಲೆ ಅಕ್ಕೋರು ನನ್ನನ್ನು ಏಳನೆಯ ತರಗತಿಗೆ ಕರೆದರು. "ನನಗ ಈ ಕೈಲೆ ಬರಿಲಾಕ ಬರಂಗಿಲ್ರಿ. ನಾ ಕೇಳ್ತೇನಿ, ಹುಡುಗರು ಹೇಳ್ತಾವ, ನೀವು ಬರೀರಿ" ಎಂದು ಸುಣ್ಣದಕಡ್ಡಿ ಕೊಟ್ಟರು. ಚೆಂದದ ಅಕ್ಷರದ ಮಕ್ಕಳು ತರಗತಿಯಲ್ಲಿ ನಾಲ್ಕಾರು ಮಂದಿ ಇದ್ದರು. ಆದರೂ ನನ್ನ ಕೈಗೇ ಕೊಟ್ಟರು.

"ಬೆಂಕಿ ಯಾಕ ಹತ್ತಿತು?"

"ಕಣಿಕಿ ಕಾಯ್ತುರಿ." ಬರೆದೆ.

"ಯಾಕ ಕಾಯ್ತು?"

"ಸೂರ್ಯ ಛತ್ರಿ ನೇರಕ್ಕ ಬಂದಿದ್ದರಿ. ನಾವು ಲೆಕ್ಕ ಹಾಕಿದ ದಿವಸಕ್ಕ ಇನ್ನೂ ಮೂರು ದಿನ ಇತ್ರಿ, ಆದ್ರ ಅಷ್ಟು ಓರೆ ಇದ್ರೂ ಸಾಕಾತ್ರಿ." ಬೋರ್ಡಿನ ಮೂಲೆಯ ಅಂಕಿ ಏನೆಂದು ನನಗೆ ಆಗ ತಿಳಿಯಿತು. ಬರೆದೆ.

"ಅದು ನನ್ನ ತಪ್ಪು. ನಾಕು ದಿನ ಮೊದಲಽ ಎಲ್ಲಾರಿಗೂ ಹೇಳಬೇಕಿತ್ತು. ಬರೀರಿ ಸರ್, ಅಕ್ಕೋರು ಹೇಳಲಿಲ್ಲ ಅಂತ." ಬರೆದೆ. "ಕೌದಿ ಯಾಕ ಇರಲಿಲ್ಲ?"

"ಆಯಿ ಒಗಿಲಾಕ ಒಯ್ದಿದ್ದಳ್ರಿ."

"ಒಯ್ಯೋಕಿಂತ ಮೊದಲು ಆಯಿ ಯಾರನ್ನ ಕೇಳಿದಳು?"

ಅಕ್ಕೋರು ಕಿಟಕಿಯ ಹೊರಗೆ ನೋಡುತ್ತಿದ್ದರು. ನನ್ನ ಬೆನ್ನು ಮಕ್ಕಳ ಕಡೆಗಿತ್ತು, ಮುಖ ಬೋರ್ಡಿನ ಕಡೆಗೆ. ಬೋರ್ಡಿನಲ್ಲಿ ಒಂದು ಸಾಲಿನ ಜಾಗ ಉಳಿದಿತ್ತು. "ನನ್ನನ್ನು ಕೇಳಿದಳು. ನಾನು ಒಯ್ಯಿ ಎಂದೆ" ಎಂದು ಬರೆದೆ.

ಹಿಂದಿನ ಸಾಲಿನ ಒಬ್ಬ ಹುಡುಗಿ ಕೇಳಿದಳು, "ಸರ್, ನೀವು ಬಿ.ಎಸ್ಸಿ. ಕಲ್ತೀರಲ್ರಿ?"

"ಬಿ.ಎಸ್ಸಿ. ಕಲ್ತವರಿಗಿ ಅಂತ ಸೂರ್ಯ ನಿಂದರತಾನೇನಽ ಹುಡುಗಿ?" ಎಂದರು ಅಕ್ಕೋರು. "ಸರ್ ಬರದದ್ದು ಎಲ್ಲಾರೂ ವಹಿಯೊಳಗ ಇಳಿಸಿಕೋರಿ. ಇದು ಪರೀಕ್ಷೆಗಿ ಬರ್ತದ." ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡರು. ನನ್ನ ತಪ್ಪು ಇಪ್ಪತ್ತೆರಡು ವಹಿಗಳಲ್ಲಿ ಇಳಿಯಿತು.

ನಾನು ನೇರ ಹೆಡ್ಮಾಸ್ತರರ ಕೋಣೆಗೆ ಹೋಗಿ ಅದನ್ನೇ ಹೇಳಿದೆ. ಅವರು ಬೈದರು, ಕಾಗದದಲ್ಲಿ ಬರೆಸಿಕೊಂಡರು. ಸಂಜೆ ಆಯಿಯ ಮನೆಗೆ ಹೋದೆ. "ನಾಳೆಯಿಂದ ಬಾ ಆಯಿ, ಹೆಡ್ಮಾಸ್ತರರು ಹೇಳ್ಯಾರ" ಎಂದೆ. ಅವಳು ಒಲೆಯ ಮುಂದಿನಿಂದ ಏಳದೆ, "ಇಷ್ಟು ದಿನ ಕಸ ಯಾರ ಗುಡಿಸ್ಯಾರ? ನೀವಽ ಗುಡಿಸೀರೇನ?" ಎಂದಳು. ಹೌದೆಂದೆ. "ಹಂಗಿದ್ರ ನಾಳಿಗಿ ಲಗೂನೇ ಬರಬೇಕು" ಎಂದು ನಕ್ಕಳು.

ನೌಕರಿ ಹೋಗಲಿಲ್ಲ. ಮುಂದೆ ಅಕ್ಕೋರಿಗೆ ಜೇವರ್ಗಿ ತಾಲೂಕಿನ ಯಡ್ರಾಮಿ ಕಡೆಗೆ ವರ್ಗವಾಯಿತು. ಅಲ್ಲಿಯೂ ಏನಾದರೊಂದು ಹೂಡುತ್ತಿದ್ದರೆಂದು ಕೇಳುತ್ತಿದ್ದೆ. ನಾನು ಮೂವತ್ತು ವರ್ಷ ಕಲಿಸಿದೆ. ಪ್ರತಿ ವರ್ಷವೂ ಮಕ್ಕಳಿಗೆ ಮೊದಲು ಏನಾದರೂ ಮಾಡಲು ಕೊಟ್ಟೆ, ಆಮೇಲೆ ಪುಸ್ತಕ ತೆರೆದೆ. ಕೈಯಾರೆ ಮಾಡಿದ್ದನ್ನು ಮಕ್ಕಳು ಮರೆಯುವುದಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಗಟ್ಟಿಯಾಗಿ ಹೇಳಬಲ್ಲೆ, ಕಣ್ಣಾರೆ ಕಂಡವನು.

ಅಕ್ಕೋರು ತೀರಿಹೋದ ಸುದ್ದಿ ಬಂದು ಈಗ ಎರಡು ವರ್ಷ. ಫೋನ್ ಮಾಡಿದವಳು ಅಂದು ಕಣಿಕೆಯ ಮೇಲೆ ಮಲಗಿದ್ದ ಹುಡುಗಿ. ಈಗ ಅವಳೂ ಅಕ್ಕೋರೇ, ಅದೇ ತಾಲೂಕಿನಲ್ಲಿ. ಛತ್ರಿಯ ತಂತಿ ಬಲೆಯನ್ನು ಯಾರೋ ಬಿಚ್ಚಿ ಮತ್ತೆ ಕೋಳಿಗೂಡು ಮಾಡಿಕೊಂಡಿದ್ದಾರಂತೆ. ನನಗೆ ಮಣ್ಣಿಗೂ ಹೋಗಲಾಗಲಿಲ್ಲ. ಸುದ್ದಿ ತಡವಾಗಿ ಮುಟ್ಟಿತ್ತು... ಅವರಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ನನ್ನಲ್ಲೇ ಉಳಿಯಿತು.

ಎದುರುಮನೆಯ ಕೌದಿ ಒಣಗಿತು, ಒಳಗೆ ಹೋಯಿತು. ನನ್ನ ಕಣ್ಣು ಇನ್ನೂ ಗಡಿಯಾರ ಹುಡುಕುತ್ತಿತ್ತು. ಹಾಗಾದಾಗಲೆಲ್ಲ ನಾನು ಆ ಗುರುವಾರವನ್ನು ನೆನೆಯುತ್ತೇನೆ. ಬೋರ್ಡಿನ ಮೇಲೆ ಕೊನೆಯ ಸಾಲು ಬರೆದು, ಆಯಿಯ ಮನೆಯಿಂದ ಕೋಣೆಗೆ ಮರಳಿ, ಉಣ್ಣದೆ ಹಾಸಿಗೆಯ ಮೇಲೆ ಬಿದ್ದದ್ದು. ಬೆರಳಿನಲ್ಲಿ ಸುಣ್ಣದ ಪುಡಿ ಹಾಗೇ ಇತ್ತು. ಮರುದಿನ ಕಣ್ಣು ತೆರೆದಾಗ ಬಿಸಿಲು ಎದೆಯವರೆಗೆ ಬಂದಿತ್ತು, ಶಾಲೆಯ ಗಂಟೆ ಬಾರಿಸುತ್ತಿತ್ತು, ಹೊರಗೆ ಆಯಿಯ ಕಸಬರಿಗೆಯ ಸಪ್ಪಳ ಕೇಳುತ್ತಿತ್ತು.