ಕಡಿಯದೆ ಹಣ್ಣಾಗದು

ಬೇಕೆಂದೇ ಸೋಲುವುದು ಎಷ್ಟು ಕಷ್ಟದ ವಿದ್ಯೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಐವತ್ತು ದಾಟುವವರೆಗೆ ನನಗೂ ಗೊತ್ತಿರಲಿಲ್ಲ. ಗೆಲ್ಲುವವನು ತನ್ನ ಆಟವೊಂದನ್ನು ನೋಡಿಕೊಂಡರೆ ಸಾಕು. ಸೋಲಬೇಕಾದವನು ಎರಡೂ ಕಡೆಯ ಆಟ ಆಡಬೇಕು, ಮೇಲೆ ಪೆಚ್ಚುಮೋರೆಯನ್ನೂ ಹಾಕಿಕೊಂಡಿರಬೇಕು. ಸಿಂಚನಳ ದೆಸೆಯಿಂದ ನಾನು ಇದರಲ್ಲಿ ಪಂಡಿತನಾದೆ.

ಸಿಂಚನ ನನ್ನ ನಾದಿನಿಯ ಮಗಳು, ಹನ್ನೊಂದು ವರ್ಷ. ನಮ್ಮ ಯಸಳೂರಿನಲ್ಲೇ ಮನೆ; ಭಾನುವಾರ ನಮ್ಮಲ್ಲಿಗೆ ಬರುತ್ತಾಳೆ. ಹುಟ್ಟಿದಾಗಿನಿಂದಲೂ ಅವಳ ಕೈಗಳು ಅವಳ ಮಾತು ಕೇಳುವುದಿಲ್ಲ. ಚೌಕಾಬಾರದಲ್ಲಿ ಒಂದು ಕಾಯಿ ನಡೆಸಲು ಹೋದರೆ ಮಿಕ್ಕ ಕಾಯಿಗಳೆಲ್ಲ ಊರು ಬಿಡುತ್ತಿದ್ದವು. ಸರಿ, ಮಣೆಯನ್ನೇ ಬದಲಾಯಿಸೋಣ ಎಂದು ಹೊರಟೆ. ಸಿಲ್ವರ್ ಓಕ್ ಹಲಗೆಯಲ್ಲಿ ಇಪ್ಪತ್ತೈದು ಮನೆ, ಮನೆಗೆ ನಾಲ್ಕು ತೂತು ಎಂದಾಗ ಬಡಗಿ, "ಇದೇನ್ ಸ್ವಾಮಿ, ಶ್ಯಾವಿಗೆ ಒತ್ತಕ್ಕಾ?" ಎಂದ. ಕಾಯಿಗಳ ಬದಲು ಡ್ರಾಯರಿಗೆ ಹಾಕುವ ದುಂಡು ಹಿಡಿಗಳು. ಮುಷ್ಟಿಯಲ್ಲಿ ಹಿಡಿದು ತೂತಿಗೆ ಊರಿದರೆ ಅಲ್ಲಾಡುವುದಿಲ್ಲ. ಎರಡು ಬಣ್ಣದಲ್ಲಿ ನಾಲ್ಕು ನಾಲ್ಕು ಕೇಳಿದ್ದಕ್ಕೆ ಸಕಲೇಶಪುರದ ಅಂಗಡಿಯವರು ನನ್ನ ಬೀರುವಿನ ಅಂದವನ್ನು ಊಹಿಸಿಕೊಂಡು ಮರುಗಿದಂತೆ ಕಂಡಿತು. ಕವಡೆಗಳನ್ನು ಒಳಗೆ ಕಾಣುವಂಥ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. "ಕುಲುಕೋದ್ರಲ್ಲಿ ನಂಗ್ಯಾರೂ ಸಾಟಿ ಇಲ್ಲ ಬಿಡು ದೊಡ್ಡಪ್ಪ," ಎಂದಳು ಸಿಂಚನ.

ಎಲ್ಲ ಬದಲಾಯಿಸಿದೆ, ನಿಯಮಗಳನ್ನು ಬಿಟ್ಟು. ಈ ಆಟದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿದು ಹಿಂದಕ್ಕಟ್ಟದೆ ನಮ್ಮ ಕಾಯಿ ಒಳಸುತ್ತಿಗೆ ಹೋಗುವಂತಿಲ್ಲ. ಒಳಗೆ ಹೋಗಿ ನಡುಮನೆ ಸೇರಿದರೆ ಮಾತ್ರ ಕಾಯಿ ಹಣ್ಣಾಯಿತೆಂದು ಲೆಕ್ಕ. ನಮ್ಮ ಹಿರಿಯರು ಎಂಥ ನಿರ್ದಯಿಗಳು ನೋಡಿ! ನಾನೋ ದಯಾವಂತ. ನಡುಗುವ ಕೈ ಅಷ್ಟು ಕಷ್ಟಪಟ್ಟು ಊರಿದ್ದನ್ನು ಕೀಳುವುದು ಹೇಗೆ? ನಾನು ಕಡಿಯಲಿಲ್ಲ. ಬದಲಿಗೆ ನನ್ನ ಕಾಯಿಗಳನ್ನೇ ಹರಕೆಯ ಕುರಿಗಳಂತೆ ಅವಳ ದಾರಿಗೆ ತಂದು ನಿಲ್ಲಿಸಿದೆ. ಅವು ಹೊರಸುತ್ತಿನಲ್ಲೇ ತಿರುಗಿ ತಿರುಗಿ ಸವೆದವು. ಹಣ್ಣಾಗುವುದೆಂದರೆ ನಮ್ಮ ಭಾಷೆಯಲ್ಲಿ ಗುರಿ ಮುಟ್ಟುವುದೂ ಹೌದು, ಬಳಲಿ ಬೆಂಡಾಗುವುದೂ ಹೌದು. ನನ್ನ ಕಾಯಿಗಳು ಎರಡನೆಯ ಅರ್ಥದಲ್ಲಷ್ಟೇ ಹಣ್ಣಾದವು.

ಹೀಗೆ ಆರು ಭಾನುವಾರ ಸೋತೆ. ಏಳನೆಯದರಂದು ನನಗೆ ಮೂರು ಬಿತ್ತು. ಸರಿಯಾಗಿ ಮೂರನೆಯ ಮನೆಯಲ್ಲಿ ಅವಳ ಕೆಂಪು ಕಾಯಿ. ನಾನು ಇನ್ಯಾವುದೋ ಕಾಯಿ ನಡೆಸಿದೆ.

ಸಿಂಚನ ಡಬ್ಬಿ ಕೆಳಗಿಟ್ಟಳು. ಅವಳ ಮಾತು ನಿಧಾನ, ಆದರೆ ಒಂದೊಂದೂ ನೆಟ್ಟಗೆ ಬಂದು ತಾಗುತ್ತದೆ.

"ಕಡಿಯೋ ಹಂಗಿತ್ತು. ಯಾಕ್ ಕಡೀಲಿಲ್ಲ?"

"ಕಾಣ್ಲಿಲ್ಲ ಕಣಮ್ಮ."

"ಕನ್ನಡಕ ಹಾಕ್ಕಂಡಿದೀಯಲ್ಲ! ನಿನ್ ಪಾಡಿಗೆ ನೀನೇ ಸೋತ್ಕಳಂಗಿದ್ರೆ ನಾನ್ಯಾಕೆ? ಇನ್ಮೇಲೆ ಬರಲ್ಲ ನಾನು."

ನನಗೆ ನಾಚಿಕೆಯಾಯಿತು, ಭಯವೂ ಆಯಿತು. ನೂರು ತೂತು ಕೊರೆಸಿ ಮಗುವನ್ನು ಆಟಕ್ಕೆ ಕರೆದವನು ನಾನು. ಆಟ ಆಡದೆ ಕೂತಿದ್ದವನೂ ನಾನೇ. ನಡೆಸಿದ್ದನ್ನು ಹಿಂದಕ್ಕಿಟ್ಟು ಅವಳ ಕೆಂಪು ಕಾಯಿಯನ್ನು ಕಡಿದೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿ, "ಮಗು ಕಾಯಿ ಕೀಳಕ್ಕೆ ಕೈಯಾದ್ರೂ ಹೆಂಗ್ ಬಂತ್ರೀ?" ಎಂದು ಹೌಹಾರಿದಳು.

ಸಿಂಚನ ಕೇಕೆ ಹಾಕಿ ನಕ್ಕಳು. "ತಡಿ ದೊಡ್ಡಪ್ಪ, ನಿಂಗೈತೆ!"

ಆಮೇಲೆ ಅವರೆಕಾಯಿ ಸುಲಿಯುವುದೂ ನಿಂತಿತು. ನನ್ನ ಮೂರು ಕಾಯಿ ಹಣ್ಣಾದವು, ಅವಳವೂ ಮೂರು. ನನ್ನ ಕೊನೆಯ ಕಾಯಿಗೆ ನಡುಮನೆ ಎರಡೇ ಹೆಜ್ಜೆ. ಅವಳದು ನನ್ನದಕ್ಕಿಂತ ಸರಿಯಾಗಿ ನಾಲ್ಕು ಮನೆ ಹಿಂದೆ. ಕುಲುಕಿದಳು. ನಾಲ್ಕು ಬಿತ್ತು! ಅವಳು ಕಾಯಿ ಕೀಳಲು ಹೆಣಗುತ್ತಿದ್ದಾಗ ನನ್ನ ಕೈ, ದೇವರಾಣೆಗೂ ತಾನಾಗಿಯೇ ಹೋಗಿ, ನನ್ನ ಕಾಯಿಯನ್ನು ಮುಂದಿನ ಮನೆಗೆ ಜರುಗಿಸಿಬಿಟ್ಟಿತು.

"ದೊಡ್ಡಪ್ಪಾ. ಎಲ್ಲಿತ್ತೋ ಅಲ್ಲೇ ಇಡು."

ಇಟ್ಟೆ. ಕಡಿದಳು. ಇನ್ನೆರಡು ಸರದಿಯಲ್ಲಿ ಗೆದ್ದೂಬಿಟ್ಟಳು. ನನಗೆ ಹೊಟ್ಟೆ ಉರಿದುಹೋಯಿತು.

ಹೊರಟು ನಿಂತವಳಿಗೆ, "ಬರೋ ಭಾನುವಾರ ಬೇಗ ಬಾ," ಎಂದೆ, ಹಲ್ಲು ಕಚ್ಚಿಕೊಂಡು.

"ಬತ್ತೀನಿ," ಎಂದಳು. "ಸೋತ್ರೆ ಅಳಂಗಿಲ್ಲ ಮತ್ತೆ."